ಮುಂಬಯಿಯ ವಾಲಿದ ಶಿಲೆಗಳು ಮತ್ತು ಪಶ್ಚಿಮ ಘಟ್ಟದ ವಯಸ್ಸು

ಪಶ್ಚಿಮ ಘಟ್ಟವನ್ನು ಕುರಿತು ಕನ್ನಡದಲ್ಲಿ ಬಂದಿರುವ ಬರವಣಿಗೆ ವಿಪುಲವಾದುದು. ಅಲ್ಲಿಯ ಕಾಡು, ಮಳೆ, ನದಿಮೂಲಗಳು, ಘಟ್ಟದ ಮೇಲಿನ ಹಾಗೂ ಕೆಳಗಿನ ಜನಜೀವನ ಇವೆಲ್ಲ ನಮ್ಮ ಸಾಹಿತ್ಯದಲ್ಲಿಯೂ ಸಂಶೋಧನೆಯಲ್ಲಿಯೂ ಧಾರಾಳವಾಗಿ ನಿರೂಪಿತವಾಗಿವೆ. ಆದರೆ ಘಟ್ಟವೇ ಎಂದು ಹುಟ್ಟಿತು, ಹೇಗೆ ಹುಟ್ಟಿತು ಎಂಬ ಪ್ರಶ್ನೆ ಬಹುಮಟ್ಟಿಗೆ ಭೂವಿಜ್ಞಾನಿಗಳ ಆಂಗ್ಲ ಪತ್ರಿಕೆಗಳಲ್ಲಿಯೇ ಉಳಿದುಕೊಂಡಿದೆ. ಕರ್ನಾಟಕದ ಹೊರಗೆ, ವಿಶೇಷವಾಗಿ ಮುಂಬಯಿಯಂಥ ನಗರದಲ್ಲಿ ನೆಲೆಸಿರುವ ಕನ್ನಡ ಸಂಶೋಧಕರಿಗೆ ಈ ಪ್ರಶ್ನೆಯ ಒಂದು ಮುಖ್ಯ ಸಾಕ್ಷ್ಯ ತಮ್ಮ ಕಾಲಡಿಯಲ್ಲಿಯೇ ಇದೆ. ಅದನ್ನು ಪರಿಚಯಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲಿಗೆ ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಪಶ್ಚಿಮ ಘಟ್ಟ ಹಿಮಾಲಯದ ಅರ್ಥದಲ್ಲಿ ಪರ್ವತಶ್ರೇಣಿಯಲ್ಲ. ಪಡುಗಡಲ ಕಡೆಯಿಂದ ನೋಡಿದವರಿಗೆ ಅದು ಪರ್ವತ; ಪುಣೆಯಿಂದಲೋ ಬೆಳಗಾವಿಯಿಂದಲೋ ಹೊರಟವರಿಗೆ ಅದು ಪ್ರಸ್ಥಭೂಮಿಯ ಕಡಿದ ಅಂಚು ಮಾತ್ರ. ನೆಲ ಅಲ್ಲಿ ಮಡಿಕೆಬಿದ್ದು ಮೇಲೆದ್ದಿಲ್ಲ. ಎತ್ತರದ ನೆಲದ ಒಂದು ಪಾರ್ಶ್ವ ಕಳಚಿಹೋಗಿದೆ. ಇಂಥ ರಚನೆಯನ್ನು ಕಡಿದಂಚು ಎಂದು ಕರೆಯಬಹುದು. ದಕ್ಷಿಣ ಆಫ್ರಿಕದ ಡ್ರಾಕೆನ್ಸ್‌ಬರ್ಗ್, ಬ್ರೆಜಿಲ್ಲಿನ ಸೆರ್ರಾ ದೊ ಮಾರ್, ಪೂರ್ವ ಆಸ್ಟ್ರೇಲಿಯದ ಮಹಾ ಕಡಿದಂಚು ಇವೆಲ್ಲ ಇದೇ ಜಾತಿಯವು. ಖಂಡವೊಂದು ಸೀಳಿ ಎರಡಾಗಿ, ನಡುವೆ ಸಾಗರ ತೆರೆದುಕೊಂಡ ತೀರಗಳಲ್ಲಿಯೇ ಇವು ಕಾಣಸಿಗುವುದು ಆಕಸ್ಮಿಕವಲ್ಲ. ನಮ್ಮ ‘ಘಟ್ಟ’ ಶಬ್ದಕ್ಕೆ ಮೆಟ್ಟಿಲು, ಸೋಪಾನ ಎಂಬ ಅರ್ಥಛಾಯೆ ಇದೆ. ಈ ಪ್ರದೇಶದ ಲಾವಾಶಿಲೆಗಳಿಗೆ ಬಳಕೆಯಲ್ಲಿರುವ ‘ಟ್ರಾಪ್’ ಎಂಬ ಸ್ವೀಡಿಷ್ ಮೂಲದ ಪದಕ್ಕೂ ಮೆಟ್ಟಿಲೆಂದೇ ಅರ್ಥ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು ಒಂದೇ ಭೂದೃಶ್ಯವನ್ನು ಒಂದೇ ರೂಪಕದಿಂದ ಗುರುತಿಸಿವೆ.

ಘಟ್ಟದ ಉತ್ತರಾರ್ಧವನ್ನು ಆವರಿಸಿರುವ ದಖನ್ ಟ್ರಾಪ್‌ನ ಬಹುಭಾಗ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಬಸಾಲ್ಟ್ ಲಾವಾದಿಂದ ಆದುದು. ಪದರದ ಮೇಲೆ ಪದರವಾಗಿ ಹರಡಿದ ಈ ಶಿಲೆ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರಿನಷ್ಟು ನೆಲವನ್ನು ಮುಚ್ಚಿದೆ. ಮಹಾಬಳೇಶ್ವರ, ಖಂಡಾಲ, ಮಾಥೇರಾನ್‌ಗಳಲ್ಲಿ ಈ ಪದರಗಳು ಹೆಚ್ಚುಕಡಿಮೆ ಸಮತಲವಾಗಿ, ಜೋಡಿಸಿಟ್ಟ ಹಲಗೆಗಳಂತೆ ಕಾಣುತ್ತವೆ. ಆದರೆ ಮಾಥೇರಾನ್ ಗುಡ್ಡದಿಂದ ಪಡುವಣಕ್ಕೆ ಇಳಿದು ಪನ್ವೇಲ್ ದಾಟಿ ಮುಂಬಯಿಯನ್ನು ಸಮೀಪಿಸಿದಂತೆ ಅವೇ ಪದರಗಳು ಸಮುದ್ರದ ಕಡೆಗೆ ವಾಲತೊಡಗುತ್ತವೆ. ಮುಂಬಯಿಯಲ್ಲಿ ಈ ವಾಲು ಸಾಮಾನ್ಯವಾಗಿ 10ರಿಂದ 20 ಡಿಗ್ರಿಗಳಷ್ಟಿದೆ. 1866ರಲ್ಲಿಯೇ ಮುಂಬಯಿ ದ್ವೀಪದ ಭೂರಚನೆಯನ್ನು ವಿವರಿಸಿದ ಎ. ಬಿ. ವಿನ್ ಅವರು ಶಿಲೆಗಳ ಈ ಪಶ್ಚಿಮಾಭಿಮುಖ ಓರೆಯನ್ನು ಗಮನಿಸಿದ್ದರು. 1949ರಲ್ಲಿ ಜೆ. ಬಿ. ಆಡೆನ್ ಅವರು ಇದು ಸ್ಥಳೀಯ ವೈಚಿತ್ರ್ಯವಲ್ಲ, ತೀರಕ್ಕೆ ಸಮಾಂತರವಾಗಿ ಬಹುದೂರ ಸಾಗುವ ಒಂದು ರಚನೆ ಎಂಬುದನ್ನು ತೋರಿಸಿದರು. ಪನ್ವೇಲ್ ಬಾಗು ಎಂದು ಅದು ಪ್ರಸಿದ್ಧವಾಗಿದೆ.

ಈ ವಾಲನ್ನು ಕಾಣಲು ಉಪಕರಣಗಳೇನೂ ಬೇಕಿಲ್ಲ; ನಗರದ ಭೂಪಟವೇ ಸಾಕು. ಹಳೆಯ ಮುಂಬಯಿ ದ್ವೀಪಕ್ಕೆ ಎರಡು ಏಣುಗಳಿವೆ. ಪಶ್ಚಿಮದಲ್ಲಿ ಮಲಬಾರ್ ಹಿಲ್‌ನಿಂದ ವರ್ಳಿಯವರೆಗೆ ಒಂದು. ಪೂರ್ವದಲ್ಲಿ ಮಜಗಾಂವ್, ಶಿವಡಿಗಳ ಕಡೆ ಮತ್ತೊಂದು. ನಡುವೆ ತಗ್ಗು. ಗಟ್ಟಿ ಬಸಾಲ್ಟಿನ ಪದರ, ಅದರಡಿಯಲ್ಲಿ ಮೆದುವಾದ ಜೇಡಿಶಿಲೆ ಹಾಗೂ ಜ್ವಾಲಾಮುಖಿಯ ಬೂದಿಗಲ್ಲು ಹೀಗೆ ಅನುಕ್ರಮವಾಗಿ ಇದ್ದು, ಇಡೀ ಕಟ್ಟು ಪಶ್ಚಿಮಕ್ಕೆ ವಾಲಿದಾಗ, ಸವೆತವು ಮೆದುಭಾಗವನ್ನು ತಿಂದು ಗಟ್ಟಿಭಾಗವನ್ನು ಏಣಾಗಿ ಉಳಿಸುತ್ತದೆ. ಸಮುದ್ರ ಒಳನುಗ್ಗುತ್ತಿದ್ದ ಆ ನಡುವಣ ತಗ್ಗನ್ನು ಮುಚ್ಚಲೆಂದೇ 18ನೆಯ ಶತಮಾನದ ಕೊನೆಗೆ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡನ್ನು ಕಟ್ಟಬೇಕಾಯಿತು. ‘ಏಳು ದ್ವೀಪಗಳ ನಗರ’ ಎಂಬ ಪ್ರಸಿದ್ಧಿಯ ಹಿಂದೆ ಈ ವಾಲು ಇದೆಯೆಂದರೆ ಅತಿಶಯೋಕ್ತಿಯಾಗಲಾರದು.

ಮುಂಬಯಿಯ ಶಿಲೆಗಳು ಘಟ್ಟದ ಶಿಲೆಗಳಿಂದ ಇನ್ನೊಂದು ರೀತಿಯಲ್ಲಿಯೂ ಭಿನ್ನ. ಘಟ್ಟದಲ್ಲಿ ಪದರದ ಮೇಲೆ ಪದರವಾಗಿ ಬಸಾಲ್ಟ್. ಇಲ್ಲಿ, ಸಾಷ್ಟಿ ದ್ವೀಪದ ಉಪನಗರಗಳಲ್ಲಿ, ವೈವಿಧ್ಯ ಆಶ್ಚರ್ಯಕರ. ಡೋಂಗ್ರಿ, ಉತ್ತನ್‌ಗಳ ಕಡೆ ಬೆಣಚಿನ ಅಂಶ ಹೆಚ್ಚಿರುವ ರಯೊಲೈಟ್. ಮನೋರಿ, ಸಾಕಿನಾಕಾಗಳಲ್ಲಿ ತಿಳಿಬಣ್ಣದ ಟ್ರಾಕೈಟ್. ಕಾನ್ಹೇರಿಯಲ್ಲಿ ಸ್ಫೋಟದಿಂದ ಚೂರಾಗಿ ಮತ್ತೆ ಬೆಸೆದುಕೊಂಡ ಜ್ವಾಲಾಮುಖಿ ಶಿಲೆ. ಕೆಲವೆಡೆ ನೀರಿನೊಳಗೆ ಹರಿದು ದಿಂಬಿನಾಕಾರದಲ್ಲಿ ಗಟ್ಟಿಗೊಂಡ ಲಾವಾ. ಲಾವಾದ ಎರಡು ಹರಿವುಗಳ ನಡುವಣ ಬಿಡುವಿನಲ್ಲಿ ಕೊಳಗಳೂ ಹಿನ್ನೀರುಗಳೂ ಇದ್ದುವು. ವರ್ಳಿಯ ಬಸಾಲ್ಟಿನಡಿಯ ಜೇಡಿಶಿಲೆಯಲ್ಲಿ ಸಿಕ್ಕ ಚಿಕ್ಕ ಕಪ್ಪೆಯ ಪಳೆಯುಳಿಕೆಯನ್ನು 1847ರಲ್ಲಿ ರಿಚರ್ಡ್ ಓವನ್ ಅವರು ವಿವರಿಸಿದರು. ಇಂದು ಅದನ್ನು ಇಂಡೊಬಟ್ರಾಕಸ್ ಎಂಬ ಜಾತಿಯಲ್ಲಿ ಸೇರಿಸುತ್ತಾರೆ. ಆಮೆಯ ಅವಶೇಷಗಳೂ ಆ ಪದರಗಳಲ್ಲಿ ದೊರೆತಿವೆ. ನೆಲ ಕುಸಿಯುತ್ತ ನೀರು ನಿಲ್ಲುತ್ತಿದ್ದ, ಮತ್ತೆ ಲಾವಾ ಮುಚ್ಚುತ್ತಿದ್ದ ಒಂದು ಅಸ್ಥಿರ ತೀರದ ಚಿತ್ರ ಇವುಗಳಿಂದ ಮೂಡುತ್ತದೆ.

ಕಾನ್ಹೇರಿಯ ಹೆಸರು ಬಂದುದರಿಂದ ಒಂದು ಮಾತು. ಅಲ್ಲಿಯ ಗುಹೆಗಳಲ್ಲಿ 9ನೆಯ ಶತಮಾನದ, ರಾಷ್ಟ್ರಕೂಟ ಅಮೋಘವರ್ಷನ ಸಾರ್ವಭೌಮತ್ವವನ್ನು ಹೇಳುವ, ಕೊಂಕಣದ ಶಿಲಾಹಾರ ಸಾಮಂತರಾದ ಪುಲ್ಲಶಕ್ತಿ ಮತ್ತು ಕಪರ್ದಿಯರ ಕಾಲದ ಶಾಸನಗಳಿವೆಯೆಂಬುದು ಶಾಸನಾಭ್ಯಾಸಿಗಳಿಗೆ ತಿಳಿದ ಸಂಗತಿ. ಆ ಬೆಟ್ಟಕ್ಕೆ ಶಾಸನಗಳು ಕೃಷ್ಣಗಿರಿ, ಕರಿಯ ಬೆಟ್ಟ ಎಂಬ ಹೆಸರನ್ನು ಕೊಡುತ್ತವೆ. ಅಕ್ಷರಗಳನ್ನು ಓದುವ ನಾವು ಅವನ್ನು ಹೊತ್ತ ಕಲ್ಲನ್ನು ಓದುವುದಿಲ್ಲ.

ಈ ಶಿಲೆಗಳ ವಯಸ್ಸು ಏಕೆ ಮುಖ್ಯವೆಂಬುದನ್ನು ನೋಡೋಣ. ಪದರವೊಂದು ವಾಲಿದೆಯೆಂದರೆ ವಾಲುವಿಕೆ ಆ ಪದರ ಹುಟ್ಟಿದ ಮೇಲೆ ನಡೆದಿರಬೇಕು. ಆದ್ದರಿಂದ ವಾಲಿದ ಪದರಗಳಲ್ಲಿ ಅತ್ಯಂತ ಎಳೆಯದರ ವಯಸ್ಸು ತಿಳಿದರೆ ಬಾಗಿನ ಕಾಲಕ್ಕೆ ಒಂದು ಎಲ್ಲೆ ಸಿಕ್ಕಂತಾಯಿತು. ಶಿಲೆಯಲ್ಲಿರುವ ಪೊಟ್ಯಾಸಿಯಮ್‌ನ ಒಂದು ಅಂಶ ನಿಯತ ಗತಿಯಲ್ಲಿ ಆರ್ಗಾನ್ ಅನಿಲವಾಗಿ ಮಾರ್ಪಡುತ್ತದೆ. ಆ ಅನಿಲವನ್ನು ಅಳೆದು ವಯಸ್ಸನ್ನು ಲೆಕ್ಕಹಾಕುವ ವಿಧಾನವನ್ನು ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಹೇತು ಶೇಠ್ ಮತ್ತು ಕಾಂಚನ್ ಪಾಂಡೆ ಅವರು ಇಲ್ಲಿಯ ಶಿಲೆಗಳಿಗೆ ಅನ್ವಯಿಸಿದ್ದಾರೆ. 2014ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಡೋಂಗ್ರಿ ರಯೊಲೈಟಿನ ಎರಡು ನೆಲೆಗಳ ಮಾದರಿಗಳು 6.26 ಮತ್ತು 6.29 ಕೋಟಿ ವರ್ಷಗಳ ಪರಸ್ಪರ ಹೊಂದುವ ವಯಸ್ಸುಗಳನ್ನು ನೀಡಿದುವು. ಆ ರಯೊಲೈಟ್ ವಾಲಿದೆ. ಆದುದರಿಂದ ಬಾಗು 6.3 ಕೋಟಿ ವರ್ಷಗಳ ಈಚೆಗೆ ಉಂಟಾಯಿತು, ಅಥವಾ ಆ ಬಳಿಕವೂ ಮುಂದುವರಿಯಿತು. ಅಂದರೆ ದಖನ್ ಲಾವಾದ ಮುಖ್ಯ ಉಕ್ಕುವಿಕೆ ಮುಗಿದು ಮೂವತ್ತು ಲಕ್ಷ ವರ್ಷಗಳು ಕಳೆದ ಮೇಲಿನ ಮಾತು ಇದು.

ಅದೇ ಸುಮಾರಿನಲ್ಲಿ ಪಡುವಣದಲ್ಲಿ ಏನು ನಡೆಯುತ್ತಿತ್ತು? ಇಂದು ಹಿಂದೂ ಮಹಾಸಾಗರದ ನಡುವೆ ಇರುವ ಸೀಷೆಲ್ಸ್ ದ್ವೀಪಗಳ ಗ್ರಾನೈಟ್ ನೆಲ ಆಗ ಭಾರತಕ್ಕೆ ಅಂಟಿಕೊಂಡಿದ್ದು, ಬೇರ್ಪಡುತ್ತಿತ್ತು. ಸಾಗರತಳದ ಕಾಂತೀಯ ಪಟ್ಟೆಗಳು ಈ ಬೇರ್ಪಡುವಿಕೆಯ ಕಾಲವನ್ನು ಸುಮಾರು 6.2 ಕೋಟಿ ವರ್ಷಗಳ ಹಿಂದಕ್ಕೆ ಒಯ್ಯುತ್ತವೆ. ನೆಲ ಹಿಗ್ಗಿ ತೆಳುವಾಗಿ, ತೀರಕ್ಕೆ ಸಮಾಂತರವಾದ ಸ್ತರಭಂಗಗಳು ತೆರೆದುಕೊಂಡು, ಅವುಗಳ ಪಶ್ಚಿಮ ಭಾಗ ಕುಸಿದು ವಾಲಿತು. ಬಾಗನ್ನು ಕೇವಲ ಮಡಿಕೆಯೆಂದು ತಿಳಿಯುವುದೋ, ಸ್ತರಭಂಗಗಳ ಪರಿಣಾಮವೆಂದು ತಿಳಿಯುವುದೋ ಎಂಬ ಚರ್ಚೆಯಲ್ಲಿ 1990ರ ದಶಕದ ಅಧ್ಯಯನಗಳು ಎರಡನೆಯ ಕಡೆಗೆ ಒಲಿದುವು. ನನಗೂ ಅದೇ ಸಮಂಜಸವೆನಿಸುತ್ತದೆ. ಮುಂಬಯಿಯ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ 1974ರಲ್ಲಿ ಪತ್ತೆಯಾದ ಬಾಂಬೆ ಹೈ ತೈಲಕ್ಷೇತ್ರದಲ್ಲಿ ತೈಲವಿರುವ ಸುಣ್ಣಕಲ್ಲಿನ ಕೆಳಗೆ, ಸಮುದ್ರದಡಿಯಲ್ಲಿ, ಇದೇ ದಖನ್ ಬಸಾಲ್ಟ್ ದೊರೆಯುತ್ತದೆ. ಮಹಾಬಳೇಶ್ವರದಲ್ಲಿ ಅದು ಸಮುದ್ರಮಟ್ಟದಿಂದ 1,300 ಮೀಟರಿಗೂ ಮೇಲಿದೆ. ಈ ಎರಡರ ನಡುವಣ ಅಂತರವೇ ಖಂಡದಂಚಿನ ಏರಿಳಿತಗಳ ಅಳತೆ.

ಈಗ ಘಟ್ಟದ ಪ್ರಶ್ನೆಗೆ ಬರಬಹುದು. ಕಡಿದಂಚು ಮೊದಲು ಹುಟ್ಟಿದ್ದು ಇಂದಿನ ತೀರದ ಹತ್ತಿರ, ಬಹುಶಃ ಸ್ತರಭಂಗಗಳ ನೆರೆಯಲ್ಲಿ. ಖಂಡಾಲದ ಕಡಿದಂಚು ಮುಂಬಯಿಯಿಂದ ಸುಮಾರು 60 ಕಿಲೋಮೀಟರ್ ಒಳಗಿದೆ. ಮಾಥೇರಾನ್, ಪ್ರಬಳ, ಮಲಂಗಗಡದಂಥ ಒಂಟಿ ಗುಡ್ಡಗಳು ನಡುವೆ ನಿಂತಿವೆ. ಇವು ಹಿಂದೆ ಸರಿದ ಪ್ರಸ್ಥಭೂಮಿ ಬಿಟ್ಟುಹೋದ ತುಣುಕುಗಳು. ಕೊಂಕಣವೆಂದರೆ ಹೀಗೆ ಸವೆತವು ತೆರವು ಮಾಡಿಕೊಟ್ಟ ನೆಲ. ತೆರವಾದುದು ಸಾಮಾನ್ಯ ಭಾರವಲ್ಲ. ಸರಕು ಇಳಿಸಿದ ದೋಣಿ ನೀರಿನಲ್ಲಿ ಮೇಲೇಳುವಂತೆ, ಭಾರ ಕಳಚಿದ ಭೂಚಿಪ್ಪು ತನ್ನಡಿಯ ದಟ್ಟ ಪದರದ ಮೇಲೆ ತೇಲಿ ಮೇಲೇಳುತ್ತದೆ. ಒಂದು ಕಿಲೋಮೀಟರ್ ದಪ್ಪದ ಶಿಲೆ ಸವೆದುಹೋದರೆ ಸರಿದೂಗುವಿಕೆಯಿಂದ ಹಿಂದಿರುಗುವ ಏರಿಕೆ ಹೆಚ್ಚೆಂದರೆ ಅದರ ಐದರಲ್ಲಿ ನಾಲ್ಕು ಪಾಲಿಗೂ ಸ್ವಲ್ಪ ಮಿಗಿಲು. ಚಿಪ್ಪು ಗಡುಸಾದುದರಿಂದ ಈ ಏರಿಕೆ ಸವೆದ ಜಾಗದಲ್ಲಿ ಮಾತ್ರ ನಿಲ್ಲದೆ ನೆರೆಯ ಘಟ್ಟದ ನೆತ್ತಿಯನ್ನೂ ಎತ್ತುತ್ತದೆ. ಇತ್ತ ಸಮುದ್ರದಲ್ಲಿ ಬಿದ್ದ ಹೂಳಿನ ಭಾರ ತೀರದಾಚೆಯನ್ನು ಅದುಮುತ್ತದೆ. ಎಂ. ವಿಡೋಸನ್ ಮತ್ತು ಕೆ. ಜಿ. ಕಾಕ್ಸ್ ಅವರು 1996ರಲ್ಲಿ ಮುರಕಲ್ಲು ಹಾಗೂ ನದಿಗಳ ವಿನ್ಯಾಸವನ್ನು ಆಧರಿಸಿ ಮಂಡಿಸಿದ ವಾದದ ತಿರುಳು ಇದೇ. ಪಡುಗಡಲಿಗೆ ಸುಮಾರು 65 ಕಿಲೋಮೀಟರಿನಷ್ಟೇ ದೂರದಲ್ಲಿ ಹುಟ್ಟುವ ಕೃಷ್ಣೆ ಮೂಡುಗಡಲಿಗೆ ಹೊರಡುತ್ತದೆ. ಭೀಮಾಶಂಕರದ ಭೀಮೆಯೂ ಹಾಗೆಯೇ. ಈ ಎರಡು ನದಿಗಳು ಕರ್ನಾಟಕದಲ್ಲಿ ಕೂಡುವುದಕ್ಕೆ ಮೂಲಕಾರಣ ಪಶ್ಚಿಮದಂಚಿನ ಈ ಏರಿಕೆ.

ಆದರೆ ಇದೆಲ್ಲ ಯಾವಾಗ? ಇಲ್ಲಿ ಎರಡು ಪಕ್ಷಗಳಿವೆ. ಕನ್ನಡಿಗರಿಗೆ ಪರಿಚಿತರಾದ ಡಾ. ಬಿ. ಪಿ. ರಾಧಾಕೃಷ್ಣ (1918–2012) ಅವರು ಮೈಸೂರು ಭೂವಿಜ್ಞಾನ ಇಲಾಖೆಯ ನಿರ್ದೇಶಕರಾಗಿದ್ದು, ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯನ್ನು ದಶಕಗಳ ಕಾಲ ಬೆಳೆಸಿದವರು. 1993ರ ಒಂದು ಲೇಖನದಲ್ಲಿ ಅವರು ಪರ್ಯಾಯದ್ವೀಪದ ಏರಿಕೆ ಬಹುಮಟ್ಟಿಗೆ ಇತ್ತೀಚಿನದು, ಅಂದರೆ ಕಳೆದ ಎರಡೂಕಾಲು ಕೋಟಿ ವರ್ಷಗಳೊಳಗಿನದು, ನದಿಗಳು ಆ ಕಾರಣದಿಂದಲೇ ಹೊಸ ಚೈತನ್ಯ ಪಡೆದು ಕಡಿಯುತ್ತಿವೆ ಎಂದು ವಾದಿಸಿದರು. ಜೋಗದಲ್ಲಿ 253 ಮೀಟರ್ ಧುಮುಕುವ ಶರಾವತಿಯನ್ನು ಕಂಡವರಿಗೆ ಈ ವಾದ ಸಹಜವಾಗಿಯೇ ಒಪ್ಪಿಗೆಯಾಗುತ್ತದೆ: ಹಳೆಯ ನೆಲದಲ್ಲಿ ಇಂಥ ಎಳೆಯ ಜಲಪಾತವೇಕೆ?

ಇನ್ನೊಂದು ಪಕ್ಷದ ಬಲವಾದ ಸಾಕ್ಷ್ಯ 2016ರಲ್ಲಿ ಬಂದಿತು. ಎ. ಬೋವೆ, ಎನ್. ಬೊನೆ, ಎಂ. ಜಯಾನಂದ ಮೊದಲಾದವರು ಘಟ್ಟದ ಮೇಲಿನ ಹಾಗೂ ಕೆಳಗಿನ ಮುರಕಲ್ಲಿನಲ್ಲಿರುವ ಮ್ಯಾಂಗನೀಸ್ ಖನಿಜಗಳ ವಯಸ್ಸನ್ನು ಆರ್ಗಾನ್ ವಿಧಾನದಿಂದ ನಿರ್ಣಯಿಸಿದರು. ಮುರಕಲ್ಲು ನೆಲದ ಮೇಲ್ಮೈಯಲ್ಲಿ ಮಳೆ ಬಿಸಿಲುಗಳ ದೀರ್ಘ ಪರಿಣಾಮದಿಂದ ಆಗುವ ವಸ್ತು; ಅದರ ವಯಸ್ಸೆಂದರೆ ಆ ಮೇಲ್ಮೈಯ ವಯಸ್ಸು. ಸುಮಾರು 4.7 ಕೋಟಿ ವರ್ಷಗಳ ಹಿಂದೆಯೇ ಮೇಲಿನ ನೆಲವೂ ಕೆಳಗಿನ ನೆಲವೂ ಬೇರೆಬೇರೆ ಮಟ್ಟಗಳಲ್ಲಿ ಏಕಕಾಲದಲ್ಲಿ ಮುರಕಲ್ಲಾಗುತ್ತಿದ್ದುವೆಂದು ಅವರ ಫಲಿತಾಂಶ ತೋರಿಸುತ್ತದೆ. ಕೆಳಗಿನ ನೆಲ ಆಗಲೇ ಇದ್ದರೆ ನಡುವಣ ಕಡಿದಂಚೂ ಆಗಲೇ ಇರಬೇಕಲ್ಲವೆ? ಅಂದರೆ ಘಟ್ಟ ಹಿಂದೆ ಸರಿದದ್ದು ಬೇಗ. ಅನಂತರ ಅದು ಬಹುಮಟ್ಟಿಗೆ ನಿಂತಲ್ಲಿಯೇ ನಿಂತಿದೆ.

ಮುಂಬಯಿಯ ಸಾಕ್ಷ್ಯವನ್ನು ಈ ಸಾಕ್ಷ್ಯದ ಪಕ್ಕದಲ್ಲಿಟ್ಟಾಗಲೇ ಅದರ ಬೆಲೆ ತಿಳಿಯುವುದು. ಒಂದು ಕಡೆ, ವಾಲುವಿಕೆ 6.3 ಕೋಟಿ ವರ್ಷಗಳಿಗಿಂತ ಈಚಿನದೆಂದು ಡೋಂಗ್ರಿ ಹೇಳುತ್ತದೆ. ಮತ್ತೊಂದು ಕಡೆ, ಕಡಿದಂಚು 4.7 ಕೋಟಿ ವರ್ಷಗಳಿಗಿಂತ ಹಿಂದಿನದೆಂದು ಮುರಕಲ್ಲು ಹೇಳುತ್ತದೆ. ಹಾಗಾದರೆ ಘಟ್ಟವನ್ನು ರೂಪಿಸಿದ ಮುಖ್ಯ ಸವೆತಕ್ಕೆ ಉಳಿದದ್ದು ಸುಮಾರು ಒಂದೂವರೆ ಕೋಟಿ ವರ್ಷಗಳ ಅವಕಾಶ ಮಾತ್ರ. ಸವೆದ ಶಿಲೆ ಎಲ್ಲಿಗೋ ಹೋಗಿರಬೇಕಷ್ಟೆ. ಕೊಂಕಣ–ಕೇರಳ ತೀರದಾಚೆಯ ಸಾಗರದ ಹೂಳನ್ನು ಅಳೆದ 2008ರ ಒಂದು ಅಧ್ಯಯನ ಹೂಳು ವಿಶೇಷವಾಗಿ ತುಂಬಿದ ಎರಡು ಕಾಲಗಳನ್ನು ಗುರುತಿಸಿತು: ಒಂದು ಪೇಲಿಯೋಸೀನ್, ಅಂದರೆ ಬೇರ್ಪಡುವಿಕೆಯ ಬೆನ್ನಿಗೇ, ಮತ್ತೊಂದು ಪ್ಲಿಯೋಸೀನ್, ಕೇವಲ ಐವತ್ತು ಲಕ್ಷ ವರ್ಷಗಳ ಈಚೆಗೆ. ಮೊದಲನೆಯದು ಮೇಲಿನ ಲೆಕ್ಕಕ್ಕೆ ಹೊಂದುತ್ತದೆ. ಎರಡನೆಯದನ್ನು ಮಳೆಗಾಲದ ತೀವ್ರತೆಯಲ್ಲಾದ ಬದಲಾವಣೆಯಿಂದಲೂ ವಿವರಿಸಬಹುದು, ಹೊಸ ಏರಿಕೆಯಿಂದಲೂ ವಿವರಿಸಬಹುದು. ರಾಧಾಕೃಷ್ಣ ಅವರ ಮತವನ್ನು ಪೂರ್ತಿಯಾಗಿ ಕೈಬಿಡುವುದು ಆದುದರಿಂದ ಆತುರವಾದೀತು. ಘಟ್ಟ ಹಳೆಯದೆಂಬುದಕ್ಕೂ ಅದರ ನದಿಗಳು ಈಚೆಗೆ ಚುರುಕುಗೊಂಡಿವೆಯೆಂಬುದಕ್ಕೂ ವಿರೋಧವಿಲ್ಲ.

ಈ ವಾದದಲ್ಲಿ ಒಂದು ಸಡಿಲವಾದ ಕೊಂಡಿ ಇರುವುದನ್ನು ಮರೆಮಾಡಬಾರದು. ವಾಲಿನ ಕಾಲ ದೊರೆತದ್ದು ಮುಂಬಯಿಯ ಲಾವಾದಲ್ಲಿ. ಮುರಕಲ್ಲಿನ ಕಾಲ ದೊರೆತದ್ದು ದಕ್ಷಿಣದಲ್ಲಿ, ಲಾವಾ ಮುಗಿದು ಅತಿ ಪ್ರಾಚೀನ ಶಿಲೆ ತೊಡಗುವ ಪ್ರದೇಶದಲ್ಲಿ. ಇವೆರಡನ್ನು ಒಂದೇ ಇತಿಹಾಸದ ಪುಟಗಳೆಂದು ಓದಲು ಆಧಾರವೇನು? ಆಧಾರ ಘಟ್ಟದ ಅಖಂಡತೆ. ಮುಂಬಯಿಯಿಂದ ಉಡುಪಿಗೆ ಕೊಂಕಣ ರೈಲ್ವೆಯಲ್ಲಿ ಪ್ರಯಾಣ ಮಾಡುವವರು ಇದನ್ನು ಕಿಟಕಿಯಿಂದಲೇ ಗಮನಿಸಬಹುದು. ಚಿಪ್ಳೂಣದವರೆಗೆ ಕರಿಯ ಬಸಾಲ್ಟಿನ ಕೊರೆತಗಳು, ರತ್ನಾಗಿರಿಯಲ್ಲಿ ಕೆಂಪು ಮುರಕಲ್ಲಿನ ಹಾಸು, ಗೋವೆಯನ್ನು ದಾಟಿದ ಮೇಲೆ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಪದರಗಲ್ಲು. ಶಿಲೆ ಬದಲಾಗುತ್ತದೆ, ಎಡಗಡೆಯ ಗೋಡೆ ಬದಲಾಗುವುದಿಲ್ಲ. ಕಡಿದಂಚು ಶಿಲೆಯ ಜಾತಿಯನ್ನು ಲೆಕ್ಕಿಸದೆ ಸಾಗುತ್ತದೆಂಬ ಈ ಅಂಶಕ್ಕೆ 1985ರಲ್ಲಿ ಸಿ. ಡಿ. ಆಲಿಯರ್ ಮತ್ತು ಕೆ. ಬಿ. ಪೋವಾರ್ ಅವರು ಒತ್ತುಕೊಟ್ಟರು.

ಆದರೆ ಅದೇ ಪ್ರಯಾಣದ ಕೊನೆಯಲ್ಲಿ ಸಮಸ್ಯೆಯೂ ಕಾದಿದೆ. ಮಲ್ಪೆಯ ಎದುರಿನ ಸೈಂಟ್ ಮೇರೀಸ್ ದ್ವೀಪಗಳಲ್ಲಿ ಕಂಬಕಂಬವಾಗಿ ಸೀಳಿನಿಂತ ಜ್ವಾಲಾಮುಖಿ ಶಿಲೆ ಇದೆ. ಅಂಧೇರಿಯ ಗಿಲ್ಬರ್ಟ್ ಗುಡ್ಡದಲ್ಲಿಯೂ ಅಂಥದೇ ಕಂಬಗಳು, ಸುಮಾರು 60 ಮೀಟರ್ ಎತ್ತರಕ್ಕೆ. ಎರಡನ್ನೂ ಕಂಡವರು ಸೋದರಶಿಲೆಗಳೆಂದುಕೊಳ್ಳುವುದು ಸಹಜ. ಆದರೆ ಲಾವಾ ನಿಧಾನವಾಗಿ ತಣಿದಾಗ ಎಲ್ಲಿಯಾದರೂ ಹೀಗೆ ಬಿರಿಯುತ್ತದೆ, ರೂಪಸಾಮ್ಯ ಕಾಲಸಾಮ್ಯವಲ್ಲ. ಅಂಧೇರಿಯ ಶಿಲೆ ಆರು ಕೋಟಿ ವರ್ಷಗಳಿಗೆ ಸ್ವಲ್ಪ ಹೆಚ್ಚು ಹಳೆಯದು, ಸೀಷೆಲ್ಸ್ ಅಗಲಿದ ಕಾಲದ್ದು. ಮಲ್ಪೆಯ ಶಿಲೆ ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷಗಳಷ್ಟು ಹಳೆಯದು, ಮಡಗಾಸ್ಕರ್ ಅಗಲಿದ ಕಾಲದ್ದು. ಒಂದೇ ತೀರ ಎರಡು ಬಾರಿ ಸೀಳಿದೆ. ಹಾಗಿದ್ದರೆ ಕರ್ನಾಟಕದ ಘಟ್ಟ ಮೊದಲ ಸೀಳಿನಲ್ಲಿಯೇ ಹುಟ್ಟಿ ಎರಡನೆಯದರಲ್ಲಿ ಉತ್ತರಕ್ಕೆ ಬೆಳೆಯಿತೇ, ಅಥವಾ ಎರಡನೆಯ ಸೀಳು ಇಡೀ ತೀರವನ್ನು ಹೊಸದಾಗಿ ತಿದ್ದಿತೇ? 4.7 ಕೋಟಿ ವರ್ಷಗಳ ಎಲ್ಲೆ ಎರಡಕ್ಕೂ ಒಪ್ಪುತ್ತದೆ. ಅಖಂಡವಾದ ಗೋಡೆ ಎರಡನೆಯದನ್ನು ಸೂಚಿಸುವಂತೆ ತೋರುತ್ತದೆ. ಆದರೆ ತೋರಿಕೆಗೂ ಪ್ರಮಾಣಕ್ಕೂ ಅಂತರವಿದೆ.

ಪರಶುರಾಮನು ಕಡಲನ್ನು ಹಿಂದಕ್ಕೆ ಸರಿಸಿ ಕರಾವಳಿಯನ್ನು ಪಡೆದನೆಂಬ ಐತಿಹ್ಯವನ್ನು ಭೂಮಿಯ ಏರಿಕೆಯ ನೆನಪೆಂದು ಕೆಲವರು ವ್ಯಾಖ್ಯಾನಿಸುವುದುಂಟು. ಇಲ್ಲಿ ಹೇಳಿದ ಕಾಲಮಾನಗಳಿಗೂ ಮಾನವನ ನೆನಪಿಗೂ ಯಾವ ಸಂಬಂಧವೂ ಸಾಧ್ಯವಿಲ್ಲ. ಮಾನವಕಾಲದ ಏರಿಳಿತಗಳು ಬೇರೆಯೇ ಬಗೆಯವು, ಅಲ್ಪಪ್ರಮಾಣದವು. 1870ರ ದಶಕದಲ್ಲಿ ಮುಂಬಯಿಯ ಪ್ರಿನ್ಸೆಸ್ ಡಾಕ್ ಅಗೆಯುವಾಗ ಸಮುದ್ರಮಟ್ಟದ ಕೆಳಗೆ, ಬೇರೂರಿ ನಿಂತಿದ್ದ ಕಗ್ಗಲಿ ಮರಗಳ ತೋಪೊಂದು ಕಾಣಿಸಿತು. ಅದು ನೆಲ ಮುಳುಗಿದ್ದಕ್ಕೆ ಸಾಕ್ಷಿ, ಎದ್ದಿದ್ದಕ್ಕಲ್ಲ.

ಈ ಸಾಕ್ಷ್ಯಗಳ ಸ್ಥಿತಿಗತಿಯನ್ನು ಹೇಳದೆ ವಿಷಯ ಪೂರ್ಣವಾಗದು. ಮುಂಬಯಿಯ ಶಿಲೆ ಮೊದಲಿನಿಂದಲೂ ಕಟ್ಟಡದ ಕಲ್ಲು. 1887ರಲ್ಲಿ ಪೂರ್ಣಗೊಂಡ ವಿಕ್ಟೋರಿಯಾ ಟರ್ಮಿನಸ್‌ನಲ್ಲಿ ಮಲಾಡಿನ ಹಳದಿ ಛಾಯೆಯ ಟ್ರಾಕೈಟ್ ಇದೆ. ರಾಜಾಬಾಯಿ ಗೋಪುರಕ್ಕೆ ಕುರ್ಲಾದ ಕಲ್ಲನ್ನು ಬಳಸಲಾಯಿತು. ಗಣಿಗಳೇ ಭೂವಿಜ್ಞಾನಿಗೆ ಪದರಗಳನ್ನು ತೆರೆದು ತೋರಿಸಿದುವೆಂಬುದೂ ನಿಜ. ಆದರೆ ಗೋಡೆಗೆ ಸೇರಿದ ಕಲ್ಲಿನಿಂದ ವಯಸ್ಸನ್ನು ತಿಳಿಯಬಹುದಾದರೂ ವಾಲನ್ನು ತಿಳಿಯಲಾಗದು. ಅದಕ್ಕೆ ಪದರ ತಾನಿದ್ದಲ್ಲಿಯೇ ಇರಬೇಕು, ಮೇಲಿನ ಕೆಳಗಿನ ಪದರಗಳೊಡನೆ. ಗಿಲ್ಬರ್ಟ್ ಗುಡ್ಡಕ್ಕೆ 1952ರಲ್ಲಿ ಅರಣ್ಯ ಕಾನೂನಿನ ರಕ್ಷಣೆ ದೊರೆತು, 2007ರಲ್ಲಿ ನಗರಪಾಲಿಕೆಯ ಪಾರಂಪರಿಕ ಪಟ್ಟಿಯಲ್ಲಿ ಎರಡನೆಯ ದರ್ಜೆಯ ಸ್ಥಾನ ಸಿಕ್ಕಿದೆ. ಅದು ನೋಡಲು ಬೆರಗಿನದು, ಮೇಲೆ ದೇವಾಲಯವಿದೆ. ಹಾಗಾಗಿ ಸುತ್ತ ಕಟ್ಟಡಗಳು ಒತ್ತಿಕೊಂಡು ಬಂದರೂ ಉಳಿದಿದೆ. ಡೋಂಗ್ರಿಯ ಶಿಲಾಮುಖದಲ್ಲಿ ಅಂಥ ಬೆರಗಿಲ್ಲ. ರಯೊಲೈಟಿನ ಕೆಳಗಿರುವ, 2014ರ ಅಧ್ಯಯನದಲ್ಲಿ ಮೊದಲ ಬಾರಿಗೆ ವರದಿಯಾದ ಹೂಳುಗಲ್ಲಿನ ಪದರವನ್ನು ದಾರಿಹೋಕರು ಗುರುತಿಸಲಾರರು. ಘಟ್ಟದ ವಯಸ್ಸಿಗೆ ಮೇಲೆ ಹೇಳಿದ ಎರಡು ಎಲ್ಲೆಗಳಲ್ಲಿ ಒಂದು ಆ ನೆಲೆಯ ಕಲ್ಲಿನಿಂದ ಬಂದುದು.